ಈಗಿರುವ ಬ್ರಾಡ್‌ಬ್ಯಾಂಡ್ ರೂಟರ್‌ಗೆ ಮೆಶ್ ವೈಫೈ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯಲ್ಲಿ ಫೈಬರ್ ಬಾಕ್ಸ್ ಇರುವುದು ಮುಂಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಲೈನ್ ಎಳೆಯಲು ಬಂದವರಿಗೆ ಅದೇ ಹತ್ತಿರದ ಜಾಗ. ಹಾಲ್‌ನಲ್ಲಿ 100 ಎಂಬಿಪಿಎಸ್ ಪೂರ್ತಿ ಬರುತ್ತಿತ್ತು. ಮಹಡಿಯ ಹಿಂದಿನ ಕೋಣೆಯಲ್ಲಿ 4 ಬಂದರೆ ಹೆಚ್ಚು. ಮೆಶ್ ಹಾಕಿದ ಮೇಲೆ ಸರಿಹೋಯಿತು. ಆಮೇಲೆ ನೆಂಟರ ಮನೆ, ಅಕ್ಕಪಕ್ಕದ ಮನೆ ಅಂತ ಏಳೆಂಟು ಕಡೆ ನಾನೇ ಜೋಡಿಸಿಕೊಟ್ಟಿದ್ದೇನೆ. ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು.

ಮೆಶ್ ಅಂದರೆ ಏನು? ಎಕ್ಸ್‌ಟೆಂಡರ್ ಕೂಡ ಅದೇ ಕೆಲಸ ಮಾಡುತ್ತದೆ, ಅಲ್ವಾ?

ಎರಡೂ ಸಿಗ್ನಲ್ ಅನ್ನು ಮುಂದಕ್ಕೆ ದಾಟಿಸುತ್ತವೆ, ಅಷ್ಟು ನಿಜ. ಆದರೆ ಎಕ್ಸ್‌ಟೆಂಡರ್ ಒಂಟಿ ಪೆಟ್ಟಿಗೆ. ತನಗೆ ಬಂದದ್ದನ್ನು ಮತ್ತೆ ಹೇಳುತ್ತದೆ, ಅಷ್ಟೇ. ಎಷ್ಟೋ ಸಲ ಬೇರೆ ಹೆಸರಿನ ವೈಫೈ ಕೂಡ ಆಗಿರುತ್ತದೆ. ಮಹಡಿ ಹತ್ತಿದಾಗ ನಾವೇ ಬದಲಾಯಿಸಿಕೊಳ್ಳಬೇಕು.

ಮೆಶ್‌ನಲ್ಲಿ ಎರಡು ಮೂರು ಪೆಟ್ಟಿಗೆ ಸೇರಿ ಒಂದೇ ಜಾಲ ಆಗುತ್ತದೆ. ಪ್ರತಿ ಪೆಟ್ಟಿಗೆಗೆ ನೋಡ್ ಎನ್ನುತ್ತಾರೆ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಯಾವ ನೋಡ್‌ಗೆ ಯಾವ ಫೋನ್ ಸೇರಿದೆ ಎನ್ನುವುದು ಮಿಕ್ಕ ನೋಡ್‌ಗಳಿಗೂ ಗೊತ್ತಿರುತ್ತದೆ. ವಿಡಿಯೊ ಕಾಲ್ ಮಾಡುತ್ತಲೇ ಕೆಳಗಿನಿಂದ ಮೇಲಕ್ಕೆ ಹೋದರೂ ಸಾಮಾನ್ಯವಾಗಿ ಕರೆ ಕಡಿಯುವುದಿಲ್ಲ.

ನಮ್ಮ ಮನೆಗೆ ಬೇಕೇ ಬೇಕಾ?

ಮೊದಲು ಪರೀಕ್ಷೆ ಮಾಡಿ. ರೂಟರ್‌ನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ತೊಂದರೆ ಇರುವ ಕೋಣೆಯಲ್ಲಿ ಮಾಡಿ. ರೂಟರ್ ಪಕ್ಕದಲ್ಲೇ ಕಡಿಮೆ ಬಂದರೆ ತೊಂದರೆ ಲೈನಿನದ್ದು, ಇಲ್ಲವೇ ರೂಟರ್‌ನದ್ದು. ಮೆಶ್ ಅದನ್ನು ಸರಿಮಾಡುವುದಿಲ್ಲ. ದುಡ್ಡು ಕೊಡುವ ಮುಂಚೆ ಕಂಪನಿಗೆ ಫೋನ್ ಮಾಡಿ.

ಪಕ್ಕದಲ್ಲಿ ಚೆನ್ನಾಗಿ ಬಂದು ಕೋಣೆಯಲ್ಲಿ ಬರದಿದ್ದರೆ, ರೂಟರ್ ಇಟ್ಟಿರುವ ಜಾಗ ನೋಡಿ. ಟಿವಿ ಹಿಂದೆ ಇದೆಯಾ? ಕಬ್ಬಿಣದ ಬೀರು ಪಕ್ಕ ಇದೆಯಾ? ಶೋಕೇಸ್ ಒಳಗೆ ಮುಚ್ಚಿಟ್ಟಿದ್ದೀರಾ? ಲೋಹ ಸಿಗ್ನಲ್ ಅನ್ನು ತಡೆದು ವಾಪಸ್ ಕಳಿಸುತ್ತದೆ. ಬೀರುವಿಗೆ ಅಂಟಿಸಿದ ದೊಡ್ಡ ಕನ್ನಡಿಯದೂ ಅದೇ ಕಥೆ. ನೀರು ಸಿಗ್ನಲ್ ಹೀರಿಕೊಳ್ಳುತ್ತದೆ. ನಡುವೆ ನೀರಿನ ಟ್ಯಾಂಕ್ ಇದ್ದರೆ ಆ ಕಡೆ ಸಿಗ್ನಲ್ ಹೋಗುವುದು ಕಷ್ಟ. ರೂಟರ್ ಅನ್ನು ಮನೆಯ ನಡುವೆ, ಎದೆಯ ಎತ್ತರಕ್ಕೆ, ಬಯಲಿಗೆ ತಂದರೆ ಚಿಕ್ಕ ಮನೆಗಳಲ್ಲಿ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಫೈಬರ್ ವೈರ್ ಮಾತ್ರ ನೀವಾಗಿ ಎಳೆಯಬೇಡಿ, ಮಡಿಸಬೇಡಿ. ಒಳಗಿರುವುದು ಗಾಜಿನ ಎಳೆ. ಲೈನ್‌ಮನ್ ಬಂದು ಜಾಗ ಬದಲಿಸಿಕೊಡಲಿ.

ಒಂದೇ ಅಂತಸ್ತಿನ ಎರಡು ಬೆಡ್‌ರೂಮ್ ಮನೆಗೆ ಮೆಶ್ ಬೇಕಾಗುವುದು ಅಪರೂಪ. ಎರಡು ಅಂತಸ್ತು, ನಡುವೆ ಆರ್‌ಸಿಸಿ ಸ್ಲ್ಯಾಬ್ ಇದ್ದರೆ ಬೇಕಾಗುತ್ತದೆ. ಮಲೆನಾಡು, ಕರಾವಳಿಯ ಕೆಂಪು ಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ಒಂದೇ ಅಂತಸ್ತಿದ್ದರೂ ಬೇಕಾಗುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆಯ ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ಮೂರು ಗೋಡೆ. ವೈಫೈ ಸಿಗ್ನಲ್ ಎರಡು ಥರ: 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಅಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಎರಡನೇ ಗೋಡೆಯನ್ನೇ ದಾಟುತ್ತಿರಲಿಲ್ಲ.

ಮೆಶ್ ತಂದ ಮೇಲೆ ಕಂಪನಿ ಕೊಟ್ಟ ರೂಟರ್ ತೆಗೆದುಬಿಡಬಹುದಾ?

ಫೈಬರ್ ಲೈನ್ ಆದರೆ ತೆಗೆಯುವ ಹಾಗಿಲ್ಲ. ನಾವು ರೂಟರ್ ಎಂದು ಕರೆಯುವ ಆ ಬಾಕ್ಸ್ ಎರಡು ಕೆಲಸ ಮಾಡುತ್ತದೆ. ಫೈಬರ್‌ನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತಕ್ಕೆ ಬದಲಿಸುವುದು ಒಂದು. ವೈಫೈ ಕೊಡುವುದು ಇನ್ನೊಂದು. ಮೊದಲನೆಯ ಕೆಲಸದಿಂದಾಗಿ ಅದಕ್ಕೆ ಒಎನ್‌ಟಿ ಎಂಬ ಹೆಸರು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೆಶ್ ಕಿಟ್‌ಗಳಿಗೆ ಆ ಕೆಲಸ ಬರುವುದಿಲ್ಲ. ಹಾಗಾಗಿ ಹಳೆಯದು ಇದ್ದಲ್ಲೇ ಇರಬೇಕು. ಮೆಶ್ ಅದರ ಮುಂದೆ ಕೂರಬೇಕು.

ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಫೈಬರ್ ಕಟ್ಟಡದವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮನೆಯೊಳಗೆ ಬರುವುದು ಮಾಮೂಲಿ ಲ್ಯಾನ್ ಕೇಬಲ್. ಅಂಥ ಕಡೆ ಹಳೆಯ ರೂಟರ್ ತೆಗೆದು ಮೆಶ್‌ನ ಮೊದಲ ನೋಡ್‌ಗೇ ಆ ಕೇಬಲ್ ಸಿಕ್ಕಿಸಬಹುದು.

ಜೋಡಿಸುವುದು ಹೇಗೆ?

ಫೈಬರ್ ಬಾಕ್ಸಿನ ಹಿಂದೆ ಲ್ಯಾನ್ ಎಂದು ಬರೆದ ಪೋರ್ಟ್‌ಗಳಿರುತ್ತವೆ. ಕಿಟ್ ಜೊತೆ ಬಂದ ಗಿಡ್ಡ ಕೇಬಲಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಮೊದಲ ನೋಡ್‌ಗೆ. ಬಾಕ್ಸಿನಲ್ಲಿ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಒಂದೇ ಇದ್ದರೆ ಅದಕ್ಕೇ ಹಾಕಿ. ಬಾಕ್ಸ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಮೆಶ್ ಕಂಪನಿಯ ಆಪ್ ಫೋನಿಗೆ ಹಾಕಿಕೊಂಡು ಅದು ಹೇಳಿದ ಹಾಗೆ ಮಾಡಿ. ಲೊಕೇಶನ್ ಮತ್ತು ಬ್ಲೂಟೂತ್ ಆನ್ ಇರಲಿ. ನೋಡ್ ಸಿಗುತ್ತಿಲ್ಲ ಎಂದು ಆಪ್ ಹೇಳಿದಾಗ ಎಷ್ಟೋ ಸಲ ಕಾರಣ ಇದೇ.

ಎರಡನೇ, ಮೂರನೇ ನೋಡ್ ಅನ್ನು ಮೊದಲನೆಯದರ ಪಕ್ಕದಲ್ಲೇ ಇಟ್ಟು ಸೇರಿಸಿ. ದೀಪ ಸರಿಯಾದ ಬಣ್ಣಕ್ಕೆ ಬಂದ ಮೇಲೆ ಪ್ಲಗ್ ಕಿತ್ತು ಮಹಡಿಗೆ ಒಯ್ಯಿರಿ. ಅದು ತನ್ನ ಸೆಟ್ಟಿಂಗ್ ಮರೆಯುವುದಿಲ್ಲ.

ರೂಟರ್ ಮೋಡಾ, ಆಕ್ಸೆಸ್ ಪಾಯಿಂಟ್ ಮೋಡಾ ಎಂದು ಆಪ್ ಕೇಳುತ್ತಿದೆ. ಏನು ಒತ್ತಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇಲ್ಲಿ ತಪ್ಪಿದರೆ ಆಮೇಲೆ ತಿಂಗಳುಗಟ್ಟಲೆ ಕಾರಣ ಗೊತ್ತಾಗದ ಸಣ್ಣ ಸಣ್ಣ ತೊಂದರೆ ಕಾಡುತ್ತವೆ.

ಮನೆಯ ಜಾಲಕ್ಕೆ ಯಜಮಾನ ಒಬ್ಬನೇ ಇರಬೇಕು. ಪ್ರತಿ ಫೋನಿಗೆ, ಟಿವಿಗೆ, ಲ್ಯಾಪ್‌ಟಾಪಿಗೆ ಮನೆ ನಂಬರ್ ಕೊಟ್ಟ ಹಾಗೆ ಒಂದೊಂದು ಐಪಿ ವಿಳಾಸ ಹಂಚುವುದು ಯಜಮಾನನ ಕೆಲಸ. ಹೊರಗೆ ಹೋಗುವ ಬರುವ ಎಲ್ಲವೂ ಅವನ ಮೂಲಕವೇ ಸಾಗುತ್ತದೆ. ಕಂಪನಿಯ ಬಾಕ್ಸ್ ಈಗಾಗಲೇ ಆ ಕೆಲಸ ಮಾಡುತ್ತಿದೆ. ಅದರ ಮುಂದೆ ಮೆಶ್ ಅನ್ನು ರೂಟರ್ ಮೋಡಿನಲ್ಲಿ ಕೂರಿಸಿದರೆ ಯಜಮಾನರು ಇಬ್ಬರಾದರು. ಇದಕ್ಕೆ ಡಬಲ್ ನ್ಯಾಟ್ ಎನ್ನುತ್ತಾರೆ.

ಡಬಲ್ ನ್ಯಾಟ್ ಇದ್ದರೂ ಯೂಟ್ಯೂಬ್ ಓಡುತ್ತದೆ, ವಾಟ್ಸಾಪ್ ಬರುತ್ತದೆ. ಹಾಗಾಗಿ ಎಲ್ಲ ಸರಿ ಇದೆ ಎಂದುಕೊಳ್ಳುತ್ತೇವೆ. ಆದರೆ ಪ್ರಿಂಟರ್ ಹಳೆಯ ಬಾಕ್ಸಿನ ವೈಫೈಗೆ, ಲ್ಯಾಪ್‌ಟಾಪ್ ಮೆಶ್‌ಗೆ ಸೇರಿದ್ದರೆ ಪ್ರಿಂಟರ್ ಸಿಗುವುದೇ ಕಷ್ಟ. ಟಿವಿ ಒಂದು ಕಡೆ, ಫೋನ್ ಇನ್ನೊಂದು ಕಡೆ ಇದ್ದರೆ ಫೋನಿನಿಂದ ಟಿವಿಗೆ ವಿಡಿಯೊ ಕಳಿಸಲು ಆಗುವುದಿಲ್ಲ. ಕೆಲವು ಆನ್‌ಲೈನ್ ಆಟಗಳೂ ಕೈಕೊಡುತ್ತವೆ.

ಇದಕ್ಕೆ ಎರಡು ದಾರಿ ಇದೆ. ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕುವುದು ಒಂದು. ಆಗ ಹಳೆಯ ಬಾಕ್ಸೇ ಯಜಮಾನ, ಮೆಶ್ ಬರೀ ವೈಫೈ ಕೊಡುತ್ತದೆ. ಹೆಚ್ಚಿನ ಮನೆಗಳಿಗೆ ನಾನು ಇದನ್ನೇ ಮಾಡಿಕೊಟ್ಟಿದ್ದೇನೆ. ಕಂಪನಿಯವರ ಜೊತೆ ಮಾತಾಡಬೇಕಿಲ್ಲ, ಲೈನಿನ ಸೆಟ್ಟಿಂಗ್ ಮುಟ್ಟಬೇಕಿಲ್ಲ. ನಾಳೆ ಮೆಶ್ ಕೆಟ್ಟರೂ ಹಳೆಯ ಬಾಕ್ಸಿನ ವೈಫೈ ಆನ್ ಮಾಡಿಕೊಂಡರೆ ಆ ದಿನದ ಕೆಲಸ ನಡೆಯುತ್ತದೆ. ಒಂದೇ ಕೊರತೆ, ಮಕ್ಕಳ ಫೋನಿಗೆ ಸಮಯ ಗೊತ್ತುಮಾಡುವಂಥ ಸೌಲಭ್ಯಗಳು ಈ ಮೋಡಿನಲ್ಲಿ ಹಲವು ಕಿಟ್‌ಗಳಲ್ಲಿ ಸಿಗುವುದಿಲ್ಲ.

ಇನ್ನೊಂದು ದಾರಿ ಹಳೆಯ ಬಾಕ್ಸ್ ಅನ್ನು ಬ್ರಿಡ್ಜ್ ಮೋಡಿಗೆ, ಅಂದರೆ ಬೆಳಕು ಬದಲಿಸುವ ಕೆಲಸವಷ್ಟೇ ಮಾಡುವ ಹಾಗೆ ಹಾಕಿಸಿ, ಮೆಶ್ ಅನ್ನೇ ಯಜಮಾನ ಮಾಡುವುದು. ಇದನ್ನು ಸಾಮಾನ್ಯವಾಗಿ ಕಂಪನಿಯವರೇ ಮಾಡಿಕೊಡಬೇಕು. ಎಲ್ಲರೂ ಒಪ್ಪುವುದಿಲ್ಲ. ಒಪ್ಪಿದರೆ ಪಿಪಿಪಿಒಇ (ಲೈನಿಗೆ ಲಾಗಿನ್ ಆಗುವ) ಯೂಸರ್‌ನೇಮ್, ಪಾಸ್‌ವರ್ಡ್ ಬೇಕಾ ಎಂದು ಕೇಳಿ. ವಿಲ್ಯಾನ್ ನಂಬರ್ (ಲೈನಿನಲ್ಲಿ ಇಂಟರ್ನೆಟ್ ಅನ್ನು ಗುರುತಿಸಲು ಕಂಪನಿ ಇಟ್ಟ ಸಂಖ್ಯೆ) ಇದೆಯಾ ಎಂದೂ ಕೇಳಿ. ಬ್ರಿಡ್ಜ್ ಮಾಡುವ ಮುಂಚೆಯೇ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಬ್ರಿಡ್ಜ್ ಆದ ಮೇಲೆ ಇವನ್ನು ಮೆಶ್‌ಗೆ ಹಾಕುವವರೆಗೆ ಮನೆಯಲ್ಲಿ ಇಂಟರ್ನೆಟ್ ಇರುವುದಿಲ್ಲ, ಹುಡುಕಿ ತೆಗೆಯುವುದು ಕಷ್ಟ.

ಗೂಗಲ್ ನೆಸ್ಟ್ ವೈಫೈ ಕೊಳ್ಳುವವರು ಒಂದು ವಿಷಯ ಗಮನಿಸಿ. ಅದರಲ್ಲಿ ಒಂದಕ್ಕಿಂತ ಜಾಸ್ತಿ ಪೆಟ್ಟಿಗೆ ಮೆಶ್ ಆಗಿ ಕೆಲಸ ಮಾಡಬೇಕಾದರೆ ಮೊದಲನೆಯದು ರೂಟರ್ ಆಗಿಯೇ ಇರಬೇಕು. ಟಿಪಿ-ಲಿಂಕ್ ಡೆಕೊ, ಈರೋ ಮುಂತಾದವುಗಳಲ್ಲಿ ಈ ಕಟ್ಟು ಇಲ್ಲ.

ಹಳೆಯ ಬಾಕ್ಸಿನ ವೈಫೈ ಆಫ್ ಮಾಡಲೇಬೇಕಾ?

ಮಾಡಿ. ಇಲ್ಲದಿದ್ದರೆ ಫೋನ್ ಹಳೆಯದಕ್ಕೇ ಅಂಟಿಕೊಳ್ಳುತ್ತದೆ, ಎರಡೂ ಒಂದೇ ಗಾಳಿಗೆ ಕಿತ್ತಾಡುತ್ತವೆ. ಬ್ರೌಸರ್‌ನಲ್ಲಿ 192.168.1.1 ಅಥವಾ ಬಾಕ್ಸಿನ ಅಡಿಯಲ್ಲಿ ಅಂಟಿಸಿದ ವಿಳಾಸ ಹಾಕಿ ಒಳಗೆ ಹೋಗಿ. 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಆಫ್ ಮಾಡಿ. ಕೆಲವು ಬಾಕ್ಸ್‌ಗಳಲ್ಲಿ ಇದಕ್ಕೇ ಒಂದು ಬಟನ್ ಇರುತ್ತದೆ. ಮೆಶ್ ಸರಿಯಾಗಿ ಓಡುತ್ತಿದೆ ಎಂದು ಒಂದು ದಿನ ನೋಡಿ, ಆಮೇಲೆ ಆಫ್ ಮಾಡಿದರೆ ನಿಶ್ಚಿಂತೆ.

ಸುಮ್ನೆ ಒಮ್ಮೆ ರಿಸೆಟ್ ಬಟನ್ ಒತ್ತಿ ನೋಡಲಾ?

ಕಂಪನಿಯ ಬಾಕ್ಸಿನಲ್ಲಿ ಬೇಡ, ದಯವಿಟ್ಟು ಬೇಡ. ಪಿನ್ ಚುಚ್ಚುವ ಆ ಸಣ್ಣ ತೂತು ಎಲ್ಲ ಸೆಟ್ಟಿಂಗ್ ಅಳಿಸಿಬಿಡುತ್ತದೆ. ಲೈನ್‌ಮನ್ ಹಾಕಿದ್ದ ಲಾಗಿನ್ ಕೂಡ ಹೋಗಬಹುದು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹೀಗೆ ಒತ್ತಿದ ಮೇಲೆ ಲೈನ್‌ಮನ್ ಬರುವವರೆಗೆ ಮೂರು ದಿನ ಇಂಟರ್ನೆಟ್ ಇರಲಿಲ್ಲ. ಆ ವಾರವೇ ಮಗಳ ಆನ್‌ಲೈನ್ ಪರೀಕ್ಷೆ. ಆಫ್ ಮಾಡಿ ಆನ್ ಮಾಡುವುದು ಬೇರೆ, ರಿಸೆಟ್ ಬೇರೆ. ಮೆಶ್ ನೋಡ್ ಅನ್ನು ಬೇಕಿದ್ದರೆ ರಿಸೆಟ್ ಮಾಡಿ, ಆಪ್‌ನಲ್ಲಿ ಹೊಸದಾಗಿ ಸೇರಿಸಿಕೊಳ್ಳಬಹುದು.

ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಿ, ಅದೇ ಒಳ್ಳೆಯದು. ಅಕ್ಷರ, ಸ್ಪೇಸ್, ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲ ಹಾಗೇ ಇದ್ದರೆ ಟಿವಿ, ಕ್ಯಾಮೆರಾ, ಬಲ್ಬ್ ಎಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ. ಹಿರಿಯರ ಫೋನ್ ಒಂದೊಂದನ್ನೇ ಹಿಡಿದು ಪಾಸ್‌ವರ್ಡ್ ಹಾಕುವುದು ತಪ್ಪುತ್ತದೆ. ಆದರೆ ಹಳೆಯ ಬಾಕ್ಸಿನ ವೈಫೈ ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ನೋಡ್ ಎಲ್ಲಿ ಇಡಬೇಕು? ಸಿಗ್ನಲ್ ಬರದ ಕೋಣೆಯಲ್ಲಿ ತಾನೆ?

ಎಲ್ಲರೂ ಹಾಗೇ ಇಡುತ್ತಾರೆ, ಆಮೇಲೆ ಬೇಸರಪಡುತ್ತಾರೆ. ಸಿಗ್ನಲ್ ಬರದ ಜಾಗದಲ್ಲಿ ಇಟ್ಟರೆ ನೋಡ್‌ಗೂ ಸಿಗ್ನಲ್ ಬರುವುದಿಲ್ಲ. ಬಾರದ್ದನ್ನು ಅದು ಎಲ್ಲಿಂದ ಕೊಟ್ಟೀತು? ಮೊದಲ ನೋಡ್‌ಗೂ ತೊಂದರೆಯ ಕೋಣೆಗೂ ನಡುವೆ, ಇನ್ನೂ ಚೆನ್ನಾಗಿ ಸಿಗ್ನಲ್ ಇರುವ ಜಾಗದಲ್ಲಿ ಇಡಿ. ಎರಡು ಅಂತಸ್ತಿನ ಮನೆಯಲ್ಲಿ ಮೆಟ್ಟಿಲ ಮೇಲ್ತುದಿ ಬಹಳ ಒಳ್ಳೆಯ ಜಾಗ. ಮೆಟ್ಟಿಲ ಬಳಿ ಸ್ಲ್ಯಾಬ್ ತೆರೆದಿರುತ್ತದೆ, ಸಿಗ್ನಲ್ ಕಾಂಕ್ರೀಟ್ ತೂರಿ ಬರಬೇಕಿಲ್ಲ.

ಅಂದಾಜು ಬೇಡ ಎನ್ನುವವರು ವೈಫೈ ಅನಲೈಸರ್ ಥರದ ಆಪ್ ಹಾಕಿಕೊಳ್ಳಿ. ಅದು ಸಿಗ್ನಲ್ ಅನ್ನು ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಮೈನಸ್ 50 ಅಂದರೆ ತುಂಬಾ ಚೆನ್ನಾಗಿದೆ. ಮೈನಸ್ 65ರ ಸುಮಾರಿಗೆ ವಿಡಿಯೊ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ. ಮೈನಸ್ 80 ಆದರೆ ಹೆಸರಿಗೆ ಮಾತ್ರ ಸಿಗ್ನಲ್. ಎರಡನೇ ನೋಡ್ ಇಡುವ ಜಾಗದಲ್ಲಿ ಮೊದಲನೆಯದರ ಸಿಗ್ನಲ್ ಮೈನಸ್ 65ಕ್ಕಿಂತ ಕೆಳಗೆ ಹೋಗದಿರಲಿ.

ಮೈಕ್ರೊವೇವ್ ಓವನ್ ಪಕ್ಕ ಇಡಬೇಡಿ. ಅದೂ 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ ಕೆಲಸ ಮಾಡುತ್ತದೆ.

ಎಷ್ಟು ನೋಡ್ ಬೇಕು?

ಹೆಚ್ಚಿನ ಎರಡಂತಸ್ತಿನ ಮನೆಗಳಿಗೆ ಎರಡು ಸಾಕು. ಜಾಸ್ತಿ ಇಟ್ಟರೆ ಜಾಸ್ತಿ ಒಳ್ಳೆಯದು ಎಂದಿಲ್ಲ, ಒಂದಕ್ಕೊಂದು ಅಡ್ಡ ಬರುತ್ತವೆ. ಎರಡರ ಕಿಟ್ ತಂದು ಒಂದು ವಾರ ನೋಡಿ. ಸಾಲದಿದ್ದರೆ ಅದೇ ಸರಣಿಯ ಇನ್ನೊಂದನ್ನು ಸೇರಿಸಿ.

ಎರಡನೇ ನೋಡ್‌ನಲ್ಲಿ ಸ್ಪೀಡ್ ಅರ್ಧಕ್ಕರ್ಧ ಕಡಿಮೆ. ಕಿಟ್ ಕೆಟ್ಟಿದೆಯಾ?

ಇಲ್ಲ. ಒಂದೇ ಬಾಗಿಲಿನ ಬಸ್ಸು ನೆನಪಿಸಿಕೊಳ್ಳಿ. ಇಳಿಯುವವರು ಇಳಿದ ಮೇಲೆ ಹತ್ತುವವರು ಹತ್ತಬೇಕು. ನಿಮ್ಮ ಫೋನಿನ ಜೊತೆ ಮಾತಾಡುವ ರೇಡಿಯೊದಲ್ಲೇ ನೋಡ್ ಮೊದಲ ನೋಡ್ ಜೊತೆಗೂ ಮಾತಾಡಬೇಕು. ಹಾಗಾಗಿ ಒಂದು ನೋಡ್‌ನಿಂದ ಇನ್ನೊಂದಕ್ಕೆ ಹೋಗುವ ಒಂದು ಜಿಗಿತಕ್ಕೆ ಸುಮಾರು ಅರ್ಧ ಹೋಗುತ್ತದೆ. ನೋಡ್‌ಗಳನ್ನು ಸಾಲಾಗಿ ಇಟ್ಟು ಎರಡು ಜಿಗಿತ ಮಾಡಿಸಿದರೆ ಇನ್ನೂ ಅರ್ಧ. ಮೊದಲ ನೋಡ್ ಅನ್ನು ನಡುವೆ ಇಟ್ಟು ಉಳಿದೆರಡನ್ನು ಆಚೀಚೆ ಇಟ್ಟರೆ ಎಲ್ಲಕ್ಕೂ ಒಂದೇ ಜಿಗಿತ ಆಗುತ್ತದೆ.

ಟ್ರೈ-ಬ್ಯಾಂಡ್ ಕಿಟ್‌ಗಳಲ್ಲಿ ಮೂರನೇ ರೇಡಿಯೊ ಇರುತ್ತದೆ. ಬಸ್ಸಿಗೆ ಇನ್ನೊಂದು ಬಾಗಿಲು ಇಟ್ಟ ಹಾಗೆ. ಬೆಲೆಯೂ ಜಾಸ್ತಿ. ನೀವು 100 ಎಂಬಿಪಿಎಸ್ ಪ್ಲಾನ್‌ನಲ್ಲಿದ್ದರೆ ಅದರ ಗೊಡವೆ ಬೇಡ. ನೆಟ್‌ಫ್ಲಿಕ್ಸ್ 4ಕೆ ವಿಡಿಯೊಗೆ ಬೇಕು ಎನ್ನುವುದೇ 15 ಎಂಬಿಪಿಎಸ್. ಮಹಡಿಯಲ್ಲಿ 50 ಬಂದರೂ ಮನೆಮಂದಿಗೆ ಸಾಕು.

ನೋಡ್‌ಗಳ ನಡುವೆ ಕೇಬಲ್ ಎಳೆಯಬೇಕಾ?

ಸಾಧ್ಯವಿದ್ದರೆ ಎಳೆಯಿರಿ. ದುಬಾರಿ ಕಿಟ್‌ಗೆ ಹಾಕುವ ಹೆಚ್ಚುವರಿ ದುಡ್ಡನ್ನು ಕೇಬಲಿಗೆ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಬಲ್ ಇದ್ದರೆ ಅರ್ಧವಾಗುವ ಲೆಕ್ಕವೇ ಇಲ್ಲ. ಎರಡೇ ರೇಡಿಯೊ ಇರುವ ಸಾಧಾರಣ ಡ್ಯುಯಲ್-ಬ್ಯಾಂಡ್ ಕಿಟ್ ಕೂಡ ಮೇಲೆ, ಕೆಳಗೆ ಒಂದೇ ಸ್ಪೀಡ್ ಕೊಡುತ್ತದೆ. ಮನೆ ಕಟ್ಟಿಸುತ್ತಿರುವವರು ಈಗಲೇ ಪ್ರತಿ ಅಂತಸ್ತಿಗೆ ಒಂದು ಪೈಪ್ ಬಿಡಿಸಿಕೊಳ್ಳಿ. ಕಟ್ಟಿದ ಮನೆಯಾದರೆ ಹಳೆಯ ಕೇಬಲ್ ಟಿವಿ ಅಥವಾ ಡಿಶ್ ವೈರ್ ಹೋದ ಪೈಪ್ ನೋಡಿ. ಆ ವೈರ್ ಬೇಡವಾಗಿದ್ದರೆ ಅದಕ್ಕೇ ಕಟ್ಟಿ ಹೊಸ ಕೇಬಲ್ ಎಳೆಯಬಹುದು. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಹಾಕಬೇಡಿ.

ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ಸಾಗಿಸುತ್ತದೆ. ಮನೆಗೆ ಅದು ಸಾಕು, ಕ್ಯಾಟ್ 6 ಸಿಕ್ಕರೆ ಇನ್ನೂ ಒಳ್ಳೆಯದು. ಪೂರ್ತಿ ತಾಮ್ರದ್ದೇ ಬೇಕು ಎಂದು ಕೇಳಿ ತನ್ನಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟದ್ದು ಅಗ್ಗಕ್ಕೆ ಸಿಗುತ್ತದೆ, ಬಾಳಿಕೆ ಕಡಿಮೆ.

ನಮ್ಮ ಮನೆಯಲ್ಲಿ ಪ್ಲಾನ್ 300ಕ್ಕೆ ಏರಿಸಿದ ಮೇಲೂ ಮಹಡಿಯಲ್ಲಿ ಸರಿಯಾಗಿ 94 ಬಂದು ನಿಲ್ಲುತ್ತಿತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ತುದಿಯ ಪ್ಲಗ್‌ನಲ್ಲಿ ಎಂಟು ಎಳೆಗಳ ಪೈಕಿ ಒಂದು ಸರಿಯಾಗಿ ಕೂತಿರಲಿಲ್ಲ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಹಾಗಾಗಿ ಉಪಕರಣಗಳು ತಾವಾಗಿಯೇ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ, ಯಾವ ದೀಪವೂ ಕೆಂಪಾಗುವುದಿಲ್ಲ. ನಿಮಗೂ 94, 95ಕ್ಕೆ ನಿಂತರೆ ಮೊದಲು ಕ್ರಿಂಪ್ (ಪ್ಲಗ್‌ಗೆ ಎಳೆಗಳನ್ನು ಒತ್ತಿ ಕೂರಿಸಿದ್ದು) ನೋಡಿ, ಆಮೇಲೆ ಪೋರ್ಟ್ ನೋಡಿ. ಅಗ್ಗದ ಕೆಲವು ಮೆಶ್ ಕಿಟ್‌ಗಳ ಪೋರ್ಟೇ 100ರದ್ದು. ಕೊಳ್ಳುವಾಗ ಡಬ್ಬದ ಮೇಲೆ ಗಿಗಾಬಿಟ್ ಎಂದಿದೆಯಾ ನೋಡಿ.

ಇನ್ನೊಂದು ಸಾಮಾನ್ಯ ತಪ್ಪು. ಮೆಶ್ ರೂಟರ್ ಮೋಡಿನಲ್ಲಿದ್ದರೆ ಮಹಡಿಯ ಕೇಬಲ್ ಮೊದಲ ನೋಡ್‌ನಿಂದಲೇ ಹೊರಡಬೇಕು. ಜಾಗ ಇದೆ ಎಂದು ಕಂಪನಿಯ ಬಾಕ್ಸಿಗೆ ಸಿಕ್ಕಿಸಿದರೆ ಎರಡನೇ ನೋಡ್ ದಾರಿ ತಪ್ಪುತ್ತದೆ. ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಎರಡರಲ್ಲಿ ಯಾವುದಕ್ಕೆ ಸಿಕ್ಕಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ.

ತೋಟದ ಮನೆ, ಔಟ್‌ಹೌಸ್‌ಗೆ ಹೊರಗಿನಿಂದ ತಾಮ್ರದ ಕೇಬಲ್ ಎಳೆಯಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಡಿದರೂ ಎರಡೂ ಕಡೆಯ ಪೆಟ್ಟಿಗೆ ಸುಡಬಹುದು. ಅಂಥ ಕಡೆ ಗಾಜಿನ ಎಳೆ ಮಾತ್ರ ಇರುವ, ಲೋಹದ ತಂತಿ ಇಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್ ಅನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಇಡಿಸಿ. ಗಾಜು ಕರೆಂಟ್ ಒಯ್ಯುವುದಿಲ್ಲ.

ಬೇರೆ ಬೇರೆ ಕಂಪನಿಯ ನೋಡ್ ಒಟ್ಟಿಗೆ ಸೇರುತ್ತವಾ?

ಸಾಮಾನ್ಯವಾಗಿ ಇಲ್ಲ. ಬೇರೆ ಬೇರೆ ಕಂಪನಿಯವು ಸೇರಲಿ ಎಂದು ಈಸಿಮೆಶ್ ಎಂಬ ಒಪ್ಪಂದವನ್ನು ವೈಫೈ ಕಂಪನಿಗಳ ಒಕ್ಕೂಟವಾದ ವೈಫೈ ಅಲಯನ್ಸ್ 2018ರಲ್ಲಿ ತಂದಿತು. ಆದರೂ ಒಂದೇ ಕಂಪನಿಯದ್ದನ್ನು ಕೊಳ್ಳುವುದು ಕ್ಷೇಮ. ಮನೆಯಲ್ಲಿ ಏಸಸ್ ರೂಟರ್ ಇದ್ದರೆ ಅದು ಆ ಕಂಪನಿಯದೇ ಮೆಶ್ ಆದ ಏಐಮೆಶ್‌ಗೆ ಸೇರುತ್ತದಾ ನೋಡಿ, ಹಳೆಯದನ್ನೇ ನೋಡ್ ಮಾಡಿಕೊಳ್ಳಬಹುದು.

ನೋಡ್ ಪಕ್ಕದಲ್ಲೇ ಕೂತಿದ್ದೇನೆ, ಫೋನ್ ಮಾತ್ರ ಕೆಳಗಿನದಕ್ಕೇ ಸೇರಿಕೊಂಡಿದೆ. ಯಾಕೆ?

ಯಾವ ನೋಡ್‌ಗೆ ಸೇರಬೇಕು ಎಂದು ಕೊನೆಗೆ ತೀರ್ಮಾನಿಸುವುದು ಫೋನ್. ಮೆಶ್ ಸಲಹೆ ಮಾತ್ರ ಕೊಡುತ್ತದೆ. ಹಳೆಯ ಫೋನ್‌ಗಳು ಆ ಸಲಹೆ ಕೇಳುವುದಿಲ್ಲ. ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹತ್ತಿರದ್ದಕ್ಕೆ ಸೇರುತ್ತದೆ. ದಿನವೂ ಹೀಗೇ ಆದರೆ ನೋಡ್‌ಗಳು ತೀರಾ ಹತ್ತಿರ ಇವೆ ಎಂದರ್ಥ, ಸ್ವಲ್ಪ ದೂರ ಇಡಿ. ಆಪ್‌ನಲ್ಲಿ ಫಾಸ್ಟ್ ರೋಮಿಂಗ್ (ನೋಡ್‌ನಿಂದ ನೋಡ್‌ಗೆ ಬೇಗ ದಾಟಿಸುವುದು) ಇದ್ದರೆ ಆನ್ ಮಾಡಿ ನೋಡಿ. ಅದರಿಂದ ಯಾವುದಾದರೂ ಹಳೆಯ ಉಪಕರಣ ತೊಂದರೆ ಕೊಟ್ಟರೆ ವಾಪಸ್ ಆಫ್ ಮಾಡಿ.

ಸ್ಮಾರ್ಟ್ ಬಲ್ಬ್, ಕ್ಯಾಮೆರಾ ಸೇರುತ್ತಲೇ ಇಲ್ಲ.

ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ಆಪ್‌ನಲ್ಲಿ 5 ಗಿಗಾಹರ್ಟ್ಸ್ ಸ್ವಲ್ಪ ಹೊತ್ತು ಆಫ್ ಮಾಡಿ ಬಲ್ಬ್ ಸೇರಿಸಿ, ಆಮೇಲೆ ಆನ್ ಮಾಡಿ. ಇಂಥ ಸ್ಮಾರ್ಟ್ ಉಪಕರಣಗಳಿಗೆಂದೇ ಐಒಟಿ ನೆಟ್‌ವರ್ಕ್ ಎಂದು ಬೇರೆ ಆಯ್ಕೆ ಇದ್ದರೆ ಅದನ್ನೇ ಬಳಸಿ. ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಹಳೆಯ ಉಪಕರಣ ಸೇರುವುದಿಲ್ಲ. ಡಬ್ಲ್ಯೂಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಇಡಿ.

ಲ್ಯಾಂಡ್‌ಲೈನ್ ಫೋನ್ ಕಂಪನಿ ಬಾಕ್ಸಿಗೇ ಸಿಕ್ಕಿಸಿದೆ. ಅದು ನಿಂತುಹೋಗುತ್ತದಾ?

ಆಕ್ಸೆಸ್ ಪಾಯಿಂಟ್ ಮೋಡ್ ಆದರೆ ಏನೂ ಆಗುವುದಿಲ್ಲ, ಫೋನ್ ಇದ್ದಲ್ಲೇ ಇರಲಿ. ಬ್ರಿಡ್ಜ್ ಮಾಡಿಸುವುದಾದರೆ ಮೊದಲೇ ಕಂಪನಿಯವರನ್ನು ಕೇಳಿ. ಊರಲ್ಲಿ ಅಪ್ಪ ಅಮ್ಮನಿಗೆ ಆ ಲ್ಯಾಂಡ್‌ಲೈನೇ ಆಧಾರವಾಗಿದ್ದರೆ ಬ್ರಿಡ್ಜ್ ತಂಟೆಗೆ ಹೋಗಬೇಡಿ.

ಮಗ ಅಮೆರಿಕದಿಂದ ಕಿಟ್ ತಂದಿದ್ದಾನೆ. ಇಲ್ಲಿ ನಡೆಯುತ್ತದಾ?

ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಪ್ಲಗ್ ಬದಲಿಸುವ ಕನ್ವರ್ಟರ್ ಸಾಕು. 110 ಮಾತ್ರ ಎಂದಿದ್ದರೆ ಸಿಕ್ಕಿಸಬೇಡಿ, ಸುಡುತ್ತದೆ. ಇಲ್ಲಿ ವಾರಂಟಿ ಸಿಗದಿರಬಹುದು. ಅಲ್ಲಿನ ಚಾನಲ್‌ಗಳೂ ಇಲ್ಲಿನವೂ ಪೂರ್ತಿ ಒಂದೇ ಅಲ್ಲ. ಆದ್ದರಿಂದ ದುಡ್ಡು ಕೊಟ್ಟು ತರಿಸುವುದಾದರೆ ಇಲ್ಲೇ ಕೊಳ್ಳಿ. ಮಗನ ಫೋನಿನಲ್ಲಿ ಆಪ್ ಇದ್ದರೆ ಮಾತ್ರ ಒಂದು ದೊಡ್ಡ ಅನುಕೂಲ ಇದೆ. ಅಲ್ಲಿಂದಲೇ ನಿಮ್ಮ ಮನೆಯ ನೋಡ್ ನೋಡಬಹುದು, ರೀಸ್ಟಾರ್ಟ್ ಮಾಡಬಹುದು.

ಕರೆಂಟ್ ಹೋದರೆ?

ಫೈಬರ್ ಬಾಕ್ಸ್ ಮತ್ತು ಮೊದಲ ನೋಡ್ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. ಹೆಚ್ಚಿನ ಫೈಬರ್ ಬಾಕ್ಸ್‌ಗಳು 12 ವೋಲ್ಟ್‌ನವು, ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಸರಿಹೊಂದುತ್ತದೆ. ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್ ಮೇಲಿನ ವೋಲ್ಟ್, ಆಂಪ್ ಓದಿಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದೂ ಕರೆಂಟ್ ಹೋದ ಕ್ಷಣ ಬಾಕ್ಸ್ ಆಫ್ ಆಗಿ ಆನ್ ಆಗುತ್ತಿದ್ದರೆ, ನಡುವೆ ಆ ಮಿನಿ ಯುಪಿಎಸ್ ಇಟ್ಟರೆ ನಿಲ್ಲುತ್ತದೆ. ಮಹಡಿಯ ನೋಡ್ ಬೇಕಾದರೆ ಹಾಗೇ ಇರಲಿ, ಕರೆಂಟ್ ಬಂದ ಮೇಲೆ ಎರಡು ಮೂರು ನಿಮಿಷದಲ್ಲಿ ತಾನೇ ಸೇರಿಕೊಳ್ಳುತ್ತದೆ.

ಎಲ್ಲ ಜೋಡಿಸಿದೆ, ಮೆಶ್ ದೀಪ ಕೆಂಪು. ಮೊದಲು ಏನು ನೋಡಬೇಕು?

ಫೈಬರ್ ಬಾಕ್ಸ್ ನೋಡಿ, ಮೆಶ್ ಅಲ್ಲ. ಅದರಲ್ಲಿ ಎಲ್ಒಎಸ್ ಎಂಬ ದೀಪ ಕೆಂಪಗಿದ್ದರೆ ಹೊರಗಿನ ಫೈಬರ್ ತುಂಡಾಗಿದೆ, ಇಲ್ಲವೇ ಕಳಚಿದೆ. ನೀವು ಮಾಡುವುದೇನೂ ಇಲ್ಲ, ದೂರು ಕೊಡಿ. ಆ ದೀಪ ಸರಿಯಿದ್ದರೆ ಮೊದಲ ನೋಡ್‌ನ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿ. ಅಲ್ಲಿ ಇಂಟರ್ನೆಟ್ ಬಂದರೆ ತೊಂದರೆ ಮೆಶ್‌ನಲ್ಲಿದೆ. ಎರಡನ್ನೂ ಆಫ್ ಮಾಡಿ, ಮೊದಲು ಫೈಬರ್ ಬಾಕ್ಸ್ ಆನ್ ಮಾಡಿ. ಅದರ ದೀಪಗಳು ಸ್ಥಿರವಾಗಿ ಉರಿಯುವವರೆಗೆ ಕಾದು ಆಮೇಲೆ ಮೊದಲ ನೋಡ್, ಕೊನೆಗೆ ಮಹಡಿಯದ್ದು ಆನ್ ಮಾಡಿ.